ಸ್ಥಳ ಪರಿಶೀಲನೆ

ಮಾನ್ಯರೇ,
ತಮ್ಮ ಆದೇಶದಂತೆ, ನವನಗರದ ಸದರಿ ಸೆಕ್ಟರಿನ
ಮೂಲಿ ಸೈಟಿಗೆ ಖುದ್ದು ಹೋಗಿದ್ದೆ, ಮುಂಜಾನೆ ಹತ್ತಕ್ಕ.
ದೂರು: ವಾಸದ ಮನಿಯೊಳಗ ವ್ಯಾಪಾರ.
ಹೆಸರು: ನೀಲಗಂಗವ್ವ ಹೂಲಗೇರಿ.
ಕಸುಬು: ರೊಟ್ಟಿ.

ಮೊದಲ ಒಂದು ಮಾತು ಹೇಳಿಬಿಡ್ತೀನ್ರಿ.
ಈ ಸೆಕ್ಟರಿನ ಗೆರಿ ಎಳದಾಂವ ನಾನ.
ಇಪ್ಪತ್ತಮೂರರ ಹುಡುಗ, ಕೈಯಾಗ ಮಸಿಪೆನ್ನು,
ಹಳೇ ಊರಿನ ಹಿತ್ತಲಕ ಹಿನ್ನೀರು ಬರೂದ್ರೊಳಗ
ಮುಗಸೋ ಅಂದಿದ್ರು ಆಗಿನ ಸಾಹೇಬ್ರು.
ಹಳದಿ ಅಂದ್ರ ಮನಿ. ನೀಲಿ ಅಂದ್ರ ಅಂಗಡಿ.
ಹಳದಿಗೆ ನೀಲಿ ತಾಗಬಾರದು,
ತಾಗಿದ್ರ ಹಸರ ಆಗತೈತಿ,
ಹಸರ ಅಂದ್ರ ಉದ್ಯಾನ, ಅದರ ಹಾಳಿ ಬ್ಯಾರೆ.
ಪಟ್ಟಿ ಇಟ್ಟು ಎಳದೆ. ಒಂದು ಇಂಚಿಗೆ
ಎಷ್ಟು ಹೆಜ್ಜಿ ಅಂತ ಯಾರೂ ಕೇಳಲಿಲ್ಲ.
ನಾನೂ ಕೇಳಲಿಲ್ಲ.

ಹಳೇ ಬಾಗಲಕೋಟಿಯೊಳಗ ನಾವಿದ್ದದ್ದು
ಬುಡ್ಡೇಸಾಬನ ಅಂಗಡಿ ಮ್ಯಾಲಿನ ಅಟ್ಟದಾಗ.
ಕೆಳಗ ಆತ ಸೈಕಲ್ ಪಂಚರ್ ತಿದ್ದತಿದ್ದ,
ಮ್ಯಾಲ ನಾವು ಉಣತಿದ್ವಿ,
ಒಗ್ಗರಣಿ ಘಾಟಿಗೂ ಸೊಲ್ಯೂಷನ್ ವಾಸನಿಗೂ
ಒಂದ ಪಾವಟಿಗಿ.
ಎಲ್ಲಾ ಚೊಲೋ ಇತ್ತು ಅನ್ನಾಕತ್ತಿಲ್ರಿ.
ಗಟಾರ ನಾರತಿತ್ತು.
ಹೆಣ ಒಯ್ಯೂ ಮುಂದ ಚಟ್ಟ ಓರೆ ಮಾಡಬೇಕಾಗತಿತ್ತು.
ಆದ್ರ ಉಪ್ಪು ತೀರಿತು ಅಂತ
ನಮ್ಮವ್ವ ಯಾವತ್ತೂ ಒಲಿ ಆರಿಸಿದಾಕಿ ಅಲ್ಲ.

ಈಗ ಸ್ಥಳದ ಸಂಗತಿ.
ಗಾಡಿ ಗೇಟಿಗೆ ನಿಲ್ಲಿಸಿದೆ.
ರಸ್ತೆ ನಕ್ಷೆಯಲ್ಲಿದ್ದಷ್ಟೇ ಅಗಲ ಇರುತ್ತದೆ.
ನಡುವ ಒಂದು ನಾಯಿ ಮಲಗಿತ್ತು,
ಅದನ್ನ ಎಬ್ಬಸೂವಂಥಾ ಕೆಲಸ ಯಾರಿಗೂ ಇರಲಿಲ್ಲ.
ಕಂಪೌಂಡ್ ಗೋಡಿ ಎರಡು ಫೂಟು ಒಡದಾರ,
ಅಲ್ಲೊಂದು ಹಲಗಿ.
ಹಲಗಿ ಮ್ಯಾಲ ಕಟಿರೊಟ್ಟಿ, ಶೇಂಗಾದ ಹಿಂಡಿ,
ಎರಡು ಸಿವುಡು ರಾಜಗಿರಿ,
ಬಾಜೂ ಮನಿ ತರನ್ನುಮ್ ಹೊಲದ ಪರಕಾರ,
ಅದರ ರೊಕ್ಕ ಬ್ಯಾರೆ ಡಬ್ಬಿಯೊಳಗ.
ಟೇಪು ಹಿಡದು ಅಳದೆ. ಮೂರೂವರಿ ಫೂಟು ಬಜಾರ.

ಎದುರಿನ ಖಾಲಿ ಸೈಟಿನಾಗ, ಜಾಲಿ ಸರಿಸಿ,
ನನ್ನ ಪಟ್ಟಿಗೆ ಒಗ್ಗದ ಹಾಂಗ
ಓರೆಯಾಗಿ ಹೊಂಟೈತ್ರಿ ಒಂದು ಕಾಲುಹಾದಿ,
ಹುಲ್ಲು ಸತ್ತು, ಮಣ್ಣು ನುಣ್ಣಗಾಗಿ.
ಇದನ್ನ ಯಾರು ಮಂಜೂರು ಮಾಡಿದ್ರು ಅಂತ ಕೇಳಿದೆ.
“ಅಂಗಾಲು” ಅಂದ್ಲು ನೀಲಗಂಗವ್ವ,
ರೊಟ್ಟಿ ತಿರಿವಿ ಹಾಕ್ಕೋತ.

ಒಂದು ತಾಸು ಕುಂತು ಎಣಿಸಿದೆ.
ಬಂದ ಮಂದಿ ನಲವತ್ತೊಂದು. ಗಾಡಿ ಒಂದು, ನನ್ನದು.
ಪೆನ್ಷನ್ನಿನ ಮಾಸ್ತರ ರೊಟ್ಟಿ ಒಯ್ಯಾಕ ಬಂದು
ಅಳಿಯನ ಜಗಳ ಹೇಳಿ, ರೊಟ್ಟಿ ಮರೆತು ಹೋದ್ರು.
ನಾಕನೇತ್ತೆ ಹುಡುಗ, ಕೈಯಾಗ ಇಪ್ಪತ್ತರ ನೋಟು,
ಒಬ್ಬನ ಬಂದಿದ್ದ. ಒಬ್ಬನ.
ನನ್ನ ಮಗಳನ್ನ ಹತ್ತನೇತ್ತೆ ತನಕ
ನಾನ ಗಾಡಿ ಮ್ಯಾಲ ಒಯ್ದೀನ್ರಿ,
ಪೆನ್ಸಿಲ್ಲಿಗೆ, ಗೆಳತಿ ಮನಿಗೆ, ಜಿಗಿದಾಡೂ ಆಟಕ್ಕ.
ಹಾದಿ ಗೊತ್ತಿಲ್ಲ ಅಕಿಗೆ ತನ್ನೂರಿಂದು.
ತಿರುವು ಗೊತ್ತು ಅಷ್ಟ, ನನ್ನ ಬೆನ್ನಿನ ಹಿಂದಿಂದ ಕಂಡದ್ದು.

ನೋಟೀಸು ಕೊಟ್ಟೆ. ಎರಡು ಸಲ ಓದಿದ್ಲು.
“ಹಲಗಿ ತಗೀತೀನಿ, ಅದರಾಗೇನೈತಿ.
ಆ ಹಾದಿಗೆ ಯಾರ ಹೆಸರಿಲೆ ನೋಟೀಸು ಬರೀತೀರಿ?”
ನನ್ನ ಹತ್ರ ಆ ನಮೂನಿ ಫಾರ್ಮ್ ಇರಲಿಲ್ಲ.

ಪರಿಶೀಲನೆಯಿಂದ ಕಂಡುಬಂದದ್ದು:
ಸದರಿ ಸೈಟಿನಲ್ಲಿ
ಹಳದಿಗೆ ನೀಲಿ ತಾಗಿರುತ್ತದೆ.
ಹಸರ ಆಗೇತಿ.
ಮುಂದಿನ ಕ್ರಮ ತಮ್ಮ ವಿವೇಚನೆಗೆ ಬಿಟ್ಟದ್ದು.
ಲಗತ್ತು: ನಕ್ಷೆ ಒಂದು. ಪೆನ್ಸಿಲ್ ಗೆರಿ ನಂದು,
ದಯಮಾಡಿ ಅಳಿಸಬ್ಯಾಡ್ರಿ.

ಷರಾ:
ಆಫೀಸಿನ ಗಾಡಿ ಎಲ್ಲಿ ಅಂತ ಸಿಪಾಯಿ ಕೇಳಿದ.
ಗೇಟಿಗೆ ಬಿಟ್ಟದ್ದು ಮರತು
ಇಲ್ಲಿತನಕ ನಡಕೋತ ಬಂದೀನ್ರಿ.
ಕೀಲಿ ಕಿಸೇದಾಗ ಐತಿ.